ವೈಪರ್ ಕೈಕೊಟ್ಟರೆ ಭಾನುವಾರದವರೆಗೆ ಕಾಯಬೇಡಿ

ಮನೆಗೆ ಹೊಸ ಕಾರು ಬಂತು ಅಂದ್ರೆ ಹಳೇ ಕಾರು ಯಾರ ಪಾಲಿಗೆ? ಮಾರಿದರೆ ಬರುವ ದುಡ್ಡು ಅಷ್ಟಕ್ಕಷ್ಟೇ. ‘ಇರಲಿ ಬಿಡು, ನೀನು ಓಡಿಸ್ಕೋ’ ಎಂಬ ಒಂದು ಮಾತಿನೊಂದಿಗೆ ಅದು ಗೃಹಿಣಿಯ ಕೈಗೆ ಬರುತ್ತದೆ. ಹೊಸದು ಆಫೀಸಿಗೆ. ಹಳೆಯದು ಮಕ್ಕಳ ಶಾಲೆಗೆ, ತರಕಾರಿ ಮಾರ್ಕೆಟ್ಟಿಗೆ, ಅತ್ತೆಯವರ ಶುಗರ್ ಟೆಸ್ಟಿಗೆ. ಇದರಲ್ಲಿ ಬೇಸರ ಪಡುವಂಥದ್ದೇನೂ ಇಲ್ಲ ಬಿಡಿ. ಇಕ್ಕಟ್ಟಿನ ರಸ್ತೆಯಲ್ಲಿ ತಿರುಗಿಸೋಕೆ, ಸಿಕ್ಕ ಜಾಗದಲ್ಲಿ ನಿಲ್ಲಿಸೋಕೆ ಹಳೇ ಸಣ್ಣ ಕಾರಿನಷ್ಟು ಅನುಕೂಲ ಇನ್ನೊಂದಿಲ್ಲ.

ಆದರೆ ಕಾರಿನ ಜತೆ ಅದರ ಕಾಯಿಲೆಗಳೂ ನಮ್ಮ ಪಾಲಿಗೇ ಬರುತ್ತವೆ. ಬ್ಯಾಟರಿ ಹೋದರೆ, ಟೈರ್ ಪಂಕ್ಚರ್ ಆದರೆ ತಕ್ಷಣ ಮೆಕ್ಯಾನಿಕ್ ಬರುತ್ತಾನೆ. ಯಾಕಂದ್ರೆ ಗಾಡಿ ಮುಂದಕ್ಕೇ ಹೋಗೋದಿಲ್ಲ. ವೈಪರ್ ಹೋದರೆ?

‘ರೀ, ವೈಪರ್ ಓಡ್ತಾ ಇಲ್ಲ.’

‘ಗಾಡಿ ಓಡ್ತಿದೆಯಲ್ಲ? ಭಾನುವಾರ ನೋಡೋಣ ಬಿಡು.’

ಆ ಭಾನುವಾರ ಮದುವೆ ಇರುತ್ತೆ, ಮುಂದಿನ ಭಾನುವಾರ ಕ್ರಿಕೆಟ್ ಮ್ಯಾಚ್ ಇರುತ್ತೆ. ಮಳೆ ಮಾತ್ರ ಬುಧವಾರವೇ ಬರುತ್ತೆ, ಅದೂ ಶಾಲೆ ಬಿಡುವ ಹೊತ್ತಿಗೆ! ನನ್ನ ಅಭಿಪ್ರಾಯ ಇಷ್ಟೇ: ಯಾರು ಸ್ಟೀರಿಂಗ್ ಹಿಡಿಯುತ್ತಾರೋ ಅವರಿಗೆ ವೈಪರ್ ಮತ್ತು ಅದಕ್ಕೆ ನೀರು ಚಿಮ್ಮಿಸುವ ವಾಷರ್‌ನ ಪ್ರಾಥಮಿಕ ಪರೀಕ್ಷೆ ಗೊತ್ತಿರಲೇಬೇಕು. ಇದನ್ನು ‘ಗಂಡಸರ ಕೆಲಸ’ ಅಂತ ಬಿಟ್ಟುಕೊಡುವುದರಿಂದ ನಷ್ಟ ನಮಗೇ.

ಇದು ಸಣ್ಣ ವಿಷಯವಲ್ಲ

ಸ್ವಲ್ಪ ಲೆಕ್ಕ ಹಾಕಿ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹೋಗುವ ಕಾರು ಒಂದು ಸೆಕೆಂಡಿಗೆ ಸುಮಾರು 11 ಮೀಟರ್ ಮುಂದೆ ಹೋಗಿರುತ್ತದೆ. ಮಳೆಯಲ್ಲಿ ವೈಪರ್ ಮೂರೇ ಸೆಕೆಂಡ್ ನಿಂತರೂ 33 ಮೀಟರ್ ದೂರ ನೀವು ಕಣ್ಣು ಕಟ್ಟಿಕೊಂಡು ಓಡಿಸಿದ ಹಾಗೆ. ಆ 33 ಮೀಟರಿನಲ್ಲಿ ಹಂಪ್ ಇರಬಹುದು, ರೇನ್‌ಕೋಟ್ ಹಾಕಿಕೊಂಡ ಸ್ಕೂಟರ್ ಸವಾರ ಇರಬಹುದು, ಕೊಡೆ ಹಿಡಿದು ರಸ್ತೆ ದಾಟುವ ಮಗು ಇರಬಹುದು.

ಮಳೆ ಇಲ್ಲದಾಗಲೂ ಅಷ್ಟೇ. ಮುಂದೆ ಹೋಗುವ ಲಾರಿ ಒಂದು ಕೆಸರಿನ ಗುಂಡಿಗೆ ಇಳಿದರೆ ಸಾಕು, ನಿಮ್ಮ ಗಾಜಿನ ತುಂಬ ಕೆಂಪು ರಾಡಿ. ವಾಷರ್‌ನಲ್ಲಿ ನೀರು ಬರದಿದ್ದರೆ ವೈಪರ್ ಆ ಕೆಸರನ್ನು ಒರೆಸೋದಿಲ್ಲ, ಗಾಜಿಗೆಲ್ಲ ಸಾರಿಸುತ್ತದೆ! ರಾತ್ರಿಯಾದರೆ ಎದುರಿನ ಹೆಡ್‌ಲೈಟ್ ಆ ಕೊಳೆಯ ಮೇಲೆ ಬಿದ್ದು ಗಾಜು ಪೂರ್ತಿ ಬೆಳ್ಳಗೆ ಕಾಣುತ್ತದೆ.

ಕಾನೂನೂ ಇದನ್ನು ಅಲಂಕಾರ ಅಂತ ಭಾವಿಸಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 101ನೇ ನಿಯಮ ಇರುವುದೇ ವೈಪರ್ ಬಗ್ಗೆ. ಸ್ವಂತ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿದು, ನವೀಕರಣಕ್ಕೆ ತಪಾಸಣೆಗೆ ಒಯ್ದಾಗ ವೈಪರ್ ಕೆಲಸ ಮಾಡುತ್ತಿರಬೇಕು.

ನಮ್ಮಲ್ಲಿ ಅಂಥ ಹಳೇ ಕಾರುಗಳಿಗೇನು ಕಡಿಮೆಯೇ? 1983ರ ಡಿಸೆಂಬರ್‌ನಲ್ಲಿ ರಸ್ತೆಗೆ ಬಂದ ಮಾರುತಿ 800ರ ತಯಾರಿಕೆ ನಿಂತದ್ದು 2014ರ ಜನವರಿಯಲ್ಲಿ. ಅಂದರೆ ಅತಿ ಕಿರಿಯ 800ಕ್ಕೂ ಹತ್ತು ವರ್ಷ ದಾಟಿದೆ. ಇನ್ನೂ ಎಷ್ಟೋ ಮನೆಗಳ ಗೇಟಿನೊಳಗೆ ಅದು ನಿಂತಿದೆ, ಓಡುತ್ತಲೂ ಇದೆ.

ಹುಟ್ಟಿದ್ದೇ ಹೆಣ್ಣಿನ ತಲೆಯಲ್ಲಿ

‘ಗಾಡಿ ವಿಷಯ ನಿನಗೆ ಗೊತ್ತಾಗಲ್ಲ’ ಅನ್ನುವವರಿಗೆ ಹೇಳಲು ಒಂದು ಮಾತು ನಿಮ್ಮ ಬಳಿ ಇರಲಿ. ವೈಪರ್‌ನ ಮೊದಲ ಯಶಸ್ವಿ ಪೇಟೆಂಟ್‌ಗಳಲ್ಲಿ ಒಂದು ಹೆಣ್ಣುಮಗಳದ್ದು. ಅಮೆರಿಕದ ಅಲಬಾಮಾ ರಾಜ್ಯದ ಮೇರಿ ಆ್ಯಂಡರ್ಸನ್ ಚಳಿಗಾಲದಲ್ಲಿ ನ್ಯೂಯಾರ್ಕ್‌ಗೆ ಹೋಗಿದ್ದಾಗ, ಹಿಮ ಬೀಳುತ್ತಿದ್ದ ಕಾರಣ ಟ್ರಾಮ್ ಚಾಲಕ ಮುಂದಿನ ಗಾಜಿನಿಂದಾಗಿ ಪಡುತ್ತಿದ್ದ ಪಾಡನ್ನು ನೋಡಿದರು. ವಾಹನದ ಒಳಗೆ ಕೂತೇ ಒಂದು ಹಿಡಿ ತಿರುಗಿಸಿ ಗಾಜು ಒರೆಸುವ ಸಾಧನ ಯೋಚಿಸಿ, 1903ರ ನವೆಂಬರ್‌ನಲ್ಲಿ ಪೇಟೆಂಟ್ ಪಡೆದರು. ಅದನ್ನು ಕೊಳ್ಳಲು ಕೇಳಿದಾಗ ಕೆನಡಾದ ಒಂದು ಕಂಪನಿ, ಇದಕ್ಕೆ ಅಂಥ ವ್ಯಾಪಾರದ ಬೆಲೆಯೇನೂ ಇಲ್ಲ ಎಂದು ವಾಪಸ್ ಕಳಿಸಿತು! ಆಕೆಗೆ ಅದರಿಂದ ದುಡ್ಡು ಬರಲಿಲ್ಲ. ಅಮೆರಿಕದ ರಾಷ್ಟ್ರೀಯ ಸಂಶೋಧಕರ ಗೌರವ ಪಟ್ಟಿಗೆ ಹೆಸರು ಸೇರಿದ್ದು 2011ರಲ್ಲಿ, ಆಕೆ ತೀರಿಕೊಂಡು ಅರ್ಧ ಶತಮಾನ ಕಳೆದ ಮೇಲೆ.

ಕೈಯಲ್ಲಿ ತಿರುಗಿಸುವ ಬದಲು ವಿದ್ಯುತ್ತಿನಿಂದ ಓಡುವ ಗಾಜು ಒರೆಸುವ ಸಾಧನಕ್ಕೆ 1917ರಲ್ಲಿ ಪೇಟೆಂಟ್ ಪಡೆದವರೂ ಮಹಿಳೆಯೇ. ಷಾರ್ಲೆಟ್ ಬ್ರಿಡ್ಜ್‌ವುಡ್ ಅಂತ ಅವರ ಹೆಸರು. ಹೀಗಿರುವಾಗ ವೈಪರಿನ ಫ್ಯೂಸ್ ನೋಡೋಕೆ ನಾವ್ಯಾಕೆ ಹಿಂಜರಿಯಬೇಕು ಹೇಳಿ?

ಬಾನೆಟ್ ಒಳಗಿನ ಮಿಕ್ಸಿ

ಹೊಸ ಕಾರುಗಳಲ್ಲಿ ಮಳೆ ಬಿದ್ದರೆ ತಾನೇ ಓಡುವ ವೈಪರ್, ಅದಕ್ಕೊಂದು ಕಂಪ್ಯೂಟರ್ ಎಲ್ಲ ಇರುತ್ತವೆ. ಹಳೇ ಕಾರಿನದು ಸರಳ ಸಂಸಾರ. ನಿಮ್ಮ ಅಡುಗೆಮನೆಯ ಮಿಕ್ಸಿ, ಮನೆಯ ಸಂಪ್ ಪಂಪ್ ಅರ್ಥವಾಗುತ್ತೆ ಅಂದರೆ ಇದೂ ಅರ್ಥವಾಗುತ್ತೆ.

ಗಾಜಿನ ಕೆಳಗೆ, ಬಾನೆಟ್‌ನ ಹಿಂಭಾಗದಲ್ಲಿ ಒಂದು ಮೋಟಾರ್. ಅದು ತಿರುಗಿದಾಗ ಕೆಲವು ಕಬ್ಬಿಣದ ಸರಳುಗಳು ಆ ತಿರುಗುವಿಕೆಯನ್ನು ಆಚೆ-ಈಚೆ ಓಡಾಟವಾಗಿ ಬದಲಿಸುತ್ತವೆ. ಅವಕ್ಕೆ ಲಿಂಕೇಜ್ ಅಂತಾರೆ. ಲಿಂಕೇಜಿಗೆ ವೈಪರ್ ತೋಳು, ತೋಳಿಗೆ ರಬ್ಬರ್ ಬ್ಲೇಡ್. ಮಿಕ್ಸಿಗೆ 1, 2, 3 ಅಂತ ಸ್ಪೀಡ್ ಇರುವ ಹಾಗೆ ಇದಕ್ಕೂ ನಿಧಾನ, ಜೋರು, ಬಿಟ್ಟು ಬಿಟ್ಟು ಒರೆಸುವ ಸ್ಪೀಡ್. ಬಿಟ್ಟು ಬಿಟ್ಟು ಓಡಿಸಲು ರಿಲೇ ಎಂಬ ಪುಟ್ಟ ಡಬ್ಬಿ.

ವಾಷರ್‌ಗೆ ಬಾನೆಟ್‌ನ ಮೂಲೆಯಲ್ಲಿ ಒಂದು ಪ್ಲಾಸ್ಟಿಕ್ ಟ್ಯಾಂಕ್, ಅದರ ಬುಡದಲ್ಲಿ ನಿಂಬೆಹಣ್ಣಿನಷ್ಟಗಲದ ಪಂಪ್, ಅಲ್ಲಿಂದ ಗಾಜಿನವರೆಗೆ ಸಣ್ಣ ರಬ್ಬರ್ ಪೈಪ್, ತುದಿಯಲ್ಲಿ ನಾಝಲ್. ಎರಡಕ್ಕೂ ಅಪ್ಪಣೆ ಕೊಡುವುದು ಸ್ಟೀರಿಂಗ್ ಪಕ್ಕದ ಲಿವರ್. ಎರಡನ್ನೂ ಕಾಯುವುದು ಫ್ಯೂಸ್. ಮುಗಿಯಿತು, ಇಷ್ಟೇ!

ಮೊದಲು ಕಿವಿ, ಆಮೇಲೆ ಕೈ

ಗಾಜಿಗೆ ನೀರು ಬರುತ್ತಿಲ್ಲ ಅಂತಿಟ್ಟುಕೊಳ್ಳಿ. ಗಾಡಿ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಎಂಜಿನ್ ಬೇಡ, ಕೀಲಿ ಮಾತ್ರ ಆನ್ ಮಾಡಿ. ಕಿಟಕಿ ಇಳಿಸಿ, ರೇಡಿಯೊ ಆಫ್ ಮಾಡಿ, ವಾಷರ್ ಒತ್ತಿ. ಕಿವಿಗೊಟ್ಟು ಕೇಳಿ.

ಬಾನೆಟ್ ಕಡೆಯಿಂದ ‘ಗುಂಯ್’ ಅಂತ ಸದ್ದು ಬಂದರೆ ಪಂಪಿಗೆ ಕರೆಂಟ್ ಹೋಗುತ್ತಿದೆ ಅಂತ ಅರ್ಥ. ಆಗ ತೊಂದರೆ ವೈರಿನಲ್ಲಿಲ್ಲ, ನೀರಿನ ದಾರಿಯಲ್ಲಿದೆ. ಟ್ಯಾಂಕ್ ಖಾಲಿಯಾಗಿದೆಯಾ? ಪೈಪ್ ಕಳಚಿದೆಯಾ, ಬಿರುಕು ಬಿಟ್ಟಿದೆಯಾ? ಬಾನೆಟ್ ಒಳಗೆ ಎಲ್ಲಿ ಒದ್ದೆಯಾಗುತ್ತಿದೆ ನೋಡಿ. ಅಲ್ಲೇನೂ ಇಲ್ಲದಿದ್ದರೆ ನಾಝಲ್ ಕಟ್ಟಿಕೊಂಡಿರುತ್ತೆ. ಬೋರ್‌ವೆಲ್ ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳೀ ಪದರ ಕಟ್ಟುತ್ತಲ್ಲ, ನಾಝಲಿನ ಸಣ್ಣ ತೂತಿನಲ್ಲೂ ಅದೇ ಕಟ್ಟುತ್ತೆ. ಒಂದು ಗುಂಡುಸೂಜಿ ತಗೊಂಡು ಮೆಲ್ಲಗೆ ಬಿಡಿಸಿ. ಮುಂದೆ ಟ್ಯಾಂಕಿಗೆ ಫಿಲ್ಟರ್ ನೀರು ಹಾಕಿ. ಪಾತ್ರೆ ತೊಳೆಯುವ ಸೋಪು, ಬಟ್ಟೆ ಪುಡಿ ಬೇಡವೇ ಬೇಡ. ಅದು ಲೋಳೆಯಾಗಿ ತಳದಲ್ಲಿ ಕೂರುತ್ತೆ. ಅಂಗಡಿಯಲ್ಲಿ ಸಿಗುವ ವಾಷರ್ ದ್ರಾವಣವನ್ನು ಅದರ ಮೇಲೆ ಬರೆದಿರುವ ಅಳತೆಯಲ್ಲಿ ಬೆರೆಸಿದರೆ ಸಾಕು.

ಸದ್ದೇ ಇಲ್ಲವಾ? ಆಗ ತೊಂದರೆ ಕರೆಂಟಿನದು, ಇಲ್ಲವೇ ಪಂಪಿನದು. ಹುಡುಕುವ ಕ್ರಮ ಹೀಗಿರಲಿ: ಮೊದಲು ಫ್ಯೂಸ್, ಆಮೇಲೆ ಪಂಪಿನ ಬಳಿಯ ವೈರ್ ಜೋಡಣೆ, ಆಮೇಲೆ ಅರ್ಥ್, ಕೊನೆಗೆ ಪಂಪ್ ಮತ್ತು ಲಿವರಿನ ಸ್ವಿಚ್. ಅಗ್ಗದಿಂದ ದುಬಾರಿಯ ಕಡೆಗೆ ಹೋಗಬೇಕು. ಮಿಕ್ಸಿ ಓಡದಿದ್ದರೆ ಪ್ಲಗ್ ಸರಿಯಾಗಿ ಕೂತಿದೆಯಾ ಅಂತ ನೋಡದೆ ಹೊಸ ಮಿಕ್ಸಿ ತರುತ್ತೀವಾ? ಇಲ್ಲ ತಾನೇ!

ಒಂದು ಎಚ್ಚರಿಕೆ. ನೀರಿಲ್ಲದೆ ಪಂಪ್ ಓಡಿಸುತ್ತಾ ಕೂರಬೇಡಿ. ಒಣಗಿದ ಸಂಪ್ ಮೋಟಾರ್ ಸುಟ್ಟುಹೋಗುವ ಹಾಗೆ ಇದೂ ಕೆಡುತ್ತದೆ. ನೀರಿದ್ದಾಗಲೂ ಒಂದು ಸಲಕ್ಕೆ ಕೆಲವೇ ಸೆಕೆಂಡ್ ಒತ್ತಿದರೆ ಸಾಕು.

ಫ್ಯೂಸ್ ನೋಡೋದು ಕಷ್ಟವೇನಲ್ಲ

ಹೆಚ್ಚಿನ ಹಳೇ ಕಾರುಗಳಲ್ಲಿ ಫ್ಯೂಸ್ ಬಾಕ್ಸ್ ಡ್ಯಾಷ್‌ಬೋರ್ಡಿನ ಕೆಳಗೆ ಇರುತ್ತದೆ. ಕೆಲವದರಲ್ಲಿ ಬಾನೆಟ್ ಒಳಗೂ ಇನ್ನೊಂದಿರುತ್ತದೆ. ಯಾವ ಫ್ಯೂಸ್ ಯಾವುದಕ್ಕೆ ಅಂತ ಮುಚ್ಚಳದ ಒಳಗಡೆ ಅಥವಾ ಕಾರಿನ ಜತೆ ಬಂದ ಪುಸ್ತಕದಲ್ಲಿ ಬರೆದಿರುತ್ತಾರೆ. ವೈಪರ್ ಮತ್ತು ವಾಷರ್‌ಗೆ ಎಷ್ಟೋ ಕಾರುಗಳಲ್ಲಿ ಒಂದೇ ಫ್ಯೂಸ್. ಹಾಗಾಗಿ ಎರಡೂ ಒಟ್ಟಿಗೆ ನಿಂತರೆ ಮೊದಲ ಅನುಮಾನ ಅದರ ಮೇಲೇ ಇರಲಿ.

ಕೀಲಿ ಆಫ್ ಮಾಡಿ, ಫ್ಯೂಸ್ ಎಳೆದು ಬೆಳಕಿಗೆ ಹಿಡಿಯಿರಿ. ಒಳಗಿನ ತಂತಿ ತುಂಡಾಗಿದ್ದರೆ ಅಥವಾ ಕಪ್ಪಾಗಿದ್ದರೆ ಅದು ಸುಟ್ಟಿದೆ. ಹೊಸದು ಹಾಕುವಾಗ ಅದೇ ಅಳತೆಯದು ಇರಬೇಕು. ಚಪ್ಪಟೆ ಫ್ಯೂಸ್‌ಗಳಿಗೆ ಬಣ್ಣದ ಗುರುತು ಇದೆ: 10 ಆಂಪಿಯರ್ ಕೆಂಪು, 15 ನೀಲಿ, 20 ಹಳದಿ, 30 ಹಸಿರು. ಅದೇ ಬಣ್ಣಕ್ಕೆ ಅದೇ ಬಣ್ಣ, ರವಿಕೆಗೆ ದಾರ ಹೊಂದಿಸಿದ ಹಾಗೆ!

‘ಮೇಡಂ, 15ರ ಜಾಗಕ್ಕೆ 30 ಹಾಕ್ತೀನಿ, ಇನ್ನು ಸುಡಲ್ಲ’ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ. ಫ್ಯೂಸ್ ಸುಡದೇ ಇದ್ದಾಗ ವೈರ್ ಸುಡುತ್ತದೆ. ಸಿಗರೇಟ್ ಪ್ಯಾಕಿನ ಬೆಳ್ಳಿ ಹಾಳೆ, ತಾಮ್ರದ ತಂತಿ ಸುತ್ತಿ ಕೂರಿಸುವುದಂತೂ ಕಾರಿಗೆ ಬೆಂಕಿ ಇಟ್ಟುಕೊಂಡಂತೆಯೇ. ಹೊಸ ಫ್ಯೂಸ್ ಹಾಕಿದ ತಕ್ಷಣ ಅದೂ ಹೋದರೆ, ಎಲ್ಲೋ ವೈರ್ ಕಾರಿನ ಮೈಗೆ ತಗುಲಿ ಶಾರ್ಟ್ ಆಗಿದೆ, ಇಲ್ಲವೇ ಮೋಟಾರ್ ಬಿಗಿಯಾಗಿ ಸಿಕ್ಕಿಕೊಂಡಿದೆ. ಮತ್ತೆ ಮತ್ತೆ ಫ್ಯೂಸ್ ಹಾಕುತ್ತಾ ಹೋಗಬೇಡಿ. ಅದು ಮೆಕ್ಯಾನಿಕ್ ನೋಡಬೇಕಾದ ಕೆಲಸ.

ವೈಪರ್ ಏನು ಹೇಳುತ್ತಿದೆ?

ಮಗು ಅತ್ತರೆ ಹಸಿವೋ, ಹೊಟ್ಟೆನೋವೋ ಅಂತ ಅಳುವಿನಲ್ಲೇ ನಮಗೆ ಗೊತ್ತಾಗುತ್ತಲ್ಲ? ವೈಪರಿನ ತೊಂದರೆಗೂ ಹೀಗೆ ಲಕ್ಷಣಗಳಿವೆ.

ಯಾವ ಸ್ಪೀಡಿನಲ್ಲೂ ಓಡದಿದ್ದರೆ: ಫ್ಯೂಸ್, ಮೋಟಾರಿನ ವೈರ್ ಜೋಡಣೆ, ಅರ್ಥ್ ನೋಡಿದ ಮೇಲಷ್ಟೇ ಸ್ವಿಚ್ ಮತ್ತು ಮೋಟಾರಿನ ಮಾತು.

ಒಂದು ಸ್ಪೀಡ್ ಮಾತ್ರ ಇಲ್ಲದಿದ್ದರೆ: ಫ್ಯೂಸ್ ಚೆನ್ನಾಗಿದೆ ಅಂತ ಗೊತ್ತಾಯಿತು. ಲಿವರಿನ ಸ್ವಿಚ್ ಸವೆದಿರಬಹುದು, ಆ ಸ್ಪೀಡಿನ ವೈರ್ ಕಳಚಿರಬಹುದು, ಅಥವಾ ಮೋಟಾರ್ ಒಳಗಿನ ಕಾರ್ಬನ್ ಬ್ರಷ್ ಸವೆದಿರಬಹುದು. ಮಿಕ್ಸಿಗೆ ಕಾರ್ಬನ್ ಹಾಕಿಸುತ್ತೀವಲ್ಲ, ಅದೇ ಥರದ್ದು.

ಬಿಟ್ಟು ಬಿಟ್ಟು ಒರೆಸುವುದು ಮಾತ್ರ ನಿಂತರೆ: ಮೊದಲ ಅನುಮಾನ ರಿಲೇ ಮೇಲೆ. ಮೋಟಾರಿಗೂ ಇದಕ್ಕೂ ಸಂಬಂಧ ಇಲ್ಲ.

ಆಫ್ ಮಾಡಿದರೆ ಗಾಜಿನ ನಡುವೆಯೇ ನಿಂತರೆ: ವೈಪರ್ ತನ್ನ ಜಾಗಕ್ಕೆ ವಾಪಸ್ ಬಂದು ಮಲಗಲು ಮೋಟಾರಿನಲ್ಲೇ ಒಂದು ಪಾರ್ಕಿಂಗ್ ಸ್ವಿಚ್ ಇರುತ್ತದೆ. ಅದು ಅಥವಾ ಅದರ ವೈರ್ ಕೆಟ್ಟಿರುತ್ತದೆ.

ಮೋಟಾರ್ ಸದ್ದು ಇದೆ, ತೋಳು ಅಲ್ಲಾಡುತ್ತಿಲ್ಲ ಅಂದರೆ: ಇದು ಕರೆಂಟಿನ ತೊಂದರೆಯೇ ಅಲ್ಲ. ಲಿಂಕೇಜ್ ಕಳಚಿದೆ. ಎರಡರಲ್ಲಿ ಒಂದೇ ತೋಳು ಓಡುತ್ತಿಲ್ಲವಾದರೆ ಅದರ ಬುಡದ ನಟ್ ಸಡಿಲವಾಗಿರುವ ಸಾಧ್ಯತೆ ಹೆಚ್ಚು. ಪ್ಲಾಸ್ಟಿಕ್ ಮುಚ್ಚಳ ತೆಗೆದು ಸ್ಪ್ಯಾನರಿನಿಂದ ಬಿಗಿ ಮಾಡಿದರೆ ಎಷ್ಟೋ ಸಲ ಸರಿಹೋಗುತ್ತದೆ.

ಸ್ವಲ್ಪ ಹೊತ್ತು ಓಡಿ ನಿಂತು, ಹತ್ತು ನಿಮಿಷ ಬಿಟ್ಟು ಮತ್ತೆ ಓಡಿದರೆ: ಮಿಕ್ಸಿಯಲ್ಲಿ ಗಟ್ಟಿ ಹಿಟ್ಟು ರುಬ್ಬುವಾಗ ತಳದ ಕೆಂಪು ಗುಂಡಿ ಹೊರಗೆ ಬಂದು ಮಿಕ್ಸಿ ನಿಲ್ಲುತ್ತಲ್ಲ? ಅನೇಕ ವೈಪರ್ ಮೋಟಾರುಗಳಲ್ಲೂ ಬಿಸಿಯಾದರೆ ತಾನೇ ನಿಲ್ಲುವ ಇಂಥ ವ್ಯವಸ್ಥೆ ಒಳಗೇ ಇರುತ್ತದೆ. ಅಂದರೆ ಮೋಟಾರಿಗೆ ಭಾರ ಹೆಚ್ಚಾಗಿದೆ. ಲಿಂಕೇಜ್ ತುಕ್ಕು ಹಿಡಿದಿದೆಯಾ ಅಂತ ನೋಡಿಸಿ. ಹಾಗೆ ನೋಡದೆ ಹೊಸ ಮೋಟಾರ್ ಹಾಕಿದರೆ ಅದಕ್ಕೂ ಅದೇ ಗತಿ.

ತೆವಳುತ್ತಾ ಓಡಿದರೆ: ತುಕ್ಕು ಹಿಡಿದ ಲಿಂಕೇಜ್, ಸಡಿಲ ಅರ್ಥ್, ಸೋತ ಬ್ಯಾಟರಿ... ಇವುಗಳಲ್ಲಿ ಒಂದು. ಹೆಡ್‌ಲೈಟ್ ಹಾಕಿದ ಕೂಡಲೇ ಇನ್ನಷ್ಟು ನಿಧಾನವಾದರೆ ಕರೆಂಟಿನ ದಾರಿ ನೋಡಿಸಬೇಕು.

ಎಲೆ, ತುಕ್ಕು, ಇಲಿ

ಮನೆಯಲ್ಲಿ ಕರೆಂಟಿಗೆ ಬರಲೊಂದು, ಹೋಗಲೊಂದು ವೈರ್ ಇರುತ್ತದೆ. ಕಾರಿನಲ್ಲಿ ಹಾಗಲ್ಲ. ಬ್ಯಾಟರಿಯ ಮೈನಸ್ ತುದಿ ಕಾರಿನ ಲೋಹದ ಮೈಗೆ ಸೇರಿರುತ್ತದೆ. ಕರೆಂಟ್ ವೈರಿನಲ್ಲಿ ಬಂದು ಕೆಲಸ ಮುಗಿಸಿ ಕಾರಿನ ಮೈಯಿಂದಲೇ ವಾಪಸ್ ಹೋಗುತ್ತದೆ. ಇದಕ್ಕೇ ಮೆಕ್ಯಾನಿಕ್‌ಗಳು ಅರ್ಥ್ ಅನ್ನುವುದು. ಆ ವೈರ್ ಮೈಗೆ ಸೇರುವ ಬೋಲ್ಟಿನಲ್ಲಿ ತುಕ್ಕು ಹಿಡಿದರೆ ಕರೆಂಟ್ ಬಂದರೂ ವಾಪಸ್ ಹೋಗಲು ದಾರಿಯಿಲ್ಲ. ಮೋಟಾರ್ ಚೆನ್ನಾಗಿದ್ದೂ ಓಡುವುದಿಲ್ಲ! ಹಳೇ ಕಾರಿನಲ್ಲಿ ಇದು ತುಂಬ ಸಾಮಾನ್ಯ. ಸ್ಯಾಂಡ್‌ಪೇಪರಿನಿಂದ ಉಜ್ಜಿ ಬಿಗಿ ಮಾಡಿದರೆ ಮುಗಿಯುವ ಕೆಲಸ.

ತುಕ್ಕು ಎಲ್ಲಿಂದ ಬರುತ್ತದೆ? ಗಾಜಿನ ಬುಡದ ಜಾಲರಿ ನೋಡಿ. ಬೆಂಗಳೂರು, ಮೈಸೂರಿನಂಥ ಮರಗಳ ಊರಿನಲ್ಲಿ ಗುಲ್‌ಮೊಹರ್ ಎಲೆ, ಹೊಂಗೆ ಹೂವು ಎಲ್ಲ ಅಲ್ಲಿಗೇ ಬೀಳುತ್ತವೆ. ನೀರು ಹೋಗುವ ತೂತು ಕಟ್ಟಿಕೊಂಡು, ಮೋಟಾರ್ ಇರುವ ಜಾಗದಲ್ಲೇ ನೀರು ನಿಲ್ಲುತ್ತದೆ. ರಂಗೋಲಿ ಹಾಕುವ ಮುಂಚೆ ಅಂಗಳ ಗುಡಿಸುವ ಹಾಗೆ ವಾರಕ್ಕೊಮ್ಮೆ ಆ ಎಲೆಗಳನ್ನು ಕೈಯಲ್ಲಿ ಆರಿಸಿ ತೆಗೆಯಿರಿ. ಮಂಗಳೂರು, ಉಡುಪಿ ಕಡೆಯವರಿಗೆ ಸಮುದ್ರದ ಉಪ್ಪುಗಾಳಿಯ ಕಾಟವೂ ಸೇರುವುದರಿಂದ ಇನ್ನಷ್ಟು ಎಚ್ಚರ ಬೇಕು.

ಇನ್ನೊಬ್ಬ ಶತ್ರು ಇಲಿ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ನಾಲ್ಕು ದಿನ ಕಾರು ತೆಗೆಯದಿದ್ದರೆ ಬಾನೆಟ್ ಒಳಗೆ ಸಂಸಾರ ಹೂಡುತ್ತದೆ. ವೈರನ್ನೂ ಬಿಡುವುದಿಲ್ಲ, ವಾಷರ್ ಪೈಪನ್ನೂ ಬಿಡುವುದಿಲ್ಲ. ಕಾರಿನಲ್ಲಿ ಬಿಸ್ಕತ್ ಚೂರು, ಚಿಪ್ಸ್ ಪ್ಯಾಕೆಟ್ ಬಿಡಬೇಡಿ ಅಂತ ಮಕ್ಕಳಿಗೆ ಹೇಳಿ. ಊರಿಗೆ ಹೋಗಿ ಬಂದ ಮೇಲೆ ಬಾನೆಟ್ ಎತ್ತಿ ಒಮ್ಮೆ ನೋಡಿ.

ಬೇಸಿಗೆಯಲ್ಲಿ ಬಿಸಿಲಿಗೆ ನಿಂತ ಕಾರಿನ ಬ್ಲೇಡ್ ರಬ್ಬರ್ ಗಾಜಿಗೆ ಅಂಟಿಕೊಂಡಿರುತ್ತದೆ. ಮೊದಲ ಮಳೆಯ ದಿನ ಹಾಗೇ ಸ್ವಿಚ್ ಹಾಕಿದರೆ ರಬ್ಬರ್ ಕಿತ್ತುಬರುತ್ತದೆ, ಫ್ಯೂಸೂ ಹೋಗಬಹುದು. ತೋಳನ್ನು ಮೆಲ್ಲಗೆ ಎತ್ತಿ, ಒದ್ದೆ ಬಟ್ಟೆಯಲ್ಲಿ ರಬ್ಬರ್ ಒರೆಸಿ. ಧೂಳು ತುಂಬಿದ ಒಣ ಗಾಜಿನ ಮೇಲೆ ಎಂದೂ ವೈಪರ್ ಓಡಿಸಬೇಡಿ. ಗಾಜಿಗೂ ಗೀರು, ಮೋಟಾರಿಗೂ ಭಾರ.

‘ಮೋಟಾರ್ ಹೋಗಿದೆ ಮೇಡಂ!’

‘ಇಷ್ಟೆಲ್ಲ ನಮಗ್ಯಾಕ್ರೀ? ಫೋನ್ ಮಾಡಿದ್ರೆ ಮೆಕ್ಯಾನಿಕ್ ಬರ್ತಾನೆ’ ಅಂತ ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ನಿಜ, ನಾವ್ಯಾರೂ ಮೋಟಾರ್ ಬಿಚ್ಚಿ ಕೂರಬೇಕಿಲ್ಲ. ಆದರೆ ಮಗುವಿಗೆ ಜ್ವರ ಬಂದರೆ ಡಾಕ್ಟರ ಹತ್ತಿರ ಹೋಗುವ ಮುಂಚೆ ಥರ್ಮಾಮೀಟರ್ ಇಟ್ಟು ನೋಡುತ್ತೀವಲ್ಲ? ನಿನ್ನೆ ರಾತ್ರಿಯಿಂದ, 101 ಇದೆ, ವಾಂತಿ ಇಲ್ಲ ಅಂತ ಹೇಳಿದರೆ ಡಾಕ್ಟರಿಗೂ ಸುಲಭ. ಇದೂ ಹಾಗೇ.

‘ವೈಪರ್ ಕೆಟ್ಟಿದೆ, ನೋಡಿ’ ಅಂದರೆ ಸಿಗುವ ಉತ್ತರ ಗೊತ್ತಿದ್ದದ್ದೇ: ‘ಮೋಟಾರ್ ಹೋಗಿದೆ ಮೇಡಂ, ಹೊಸದು ಹಾಕ್ಬೇಕು.’ ಅದರ ಬದಲು, ‘ಫ್ಯೂಸ್ ನೋಡಿದ್ದೀನಿ, ಚೆನ್ನಾಗಿದೆ. ಜೋರು ಸ್ಪೀಡ್ ಓಡುತ್ತೆ, ನಿಧಾನದ್ದು ಓಡಲ್ಲ. ಮೋಟಾರಿನ ಕನೆಕ್ಟರಿಗೆ ಕರೆಂಟ್ ಬರ್ತಿದೆಯಾ ಮೊದಲು ಚೆಕ್ ಮಾಡಿ’ ಅಂತ ಹೇಳಿ ನೋಡಿ. ಮಾತಿನ ಧಾಟಿಯೇ ಬದಲಾಗುತ್ತದೆ. ಒಳ್ಳೆಯ ಮೆಕ್ಯಾನಿಕ್‌ಗೆ ಇದರಿಂದ ಬೇಜಾರಾಗುವುದಿಲ್ಲ, ಕೆಲಸ ಬೇಗ ಆಗುತ್ತದೆ. ಮುಖ ಸಿಂಡರಿಸುವವರ ಹತ್ತಿರ ಯಾಕೆ ಹೋಗಬೇಕು?

ಬೇಕಿದ್ದರೆ ಒಂದು ಮಲ್ಟಿಮೀಟರ್ ಕೊಳ್ಳಿ. ಒಂದು ಸಾಧಾರಣ ಕುಕ್ಕರಿಗಿಂತ ಅಗ್ಗ. ಡಿಸಿ 20 ವೋಲ್ಟ್ ಜಾಗಕ್ಕೆ ತಿರುಗಿಸಿ, ಪಂಪಿನ ಕನೆಕ್ಟರ್ ಬಿಡಿಸಿ ಎರಡು ಕಡ್ಡಿಗಳನ್ನು ಅದಕ್ಕೆ ತಾಗಿಸಿ. ಮಗನಿಗೋ ಮಗಳಿಗೋ ವಾಷರ್ ಒತ್ತಲು ಹೇಳಿ. ಸುಮಾರು 12 ವೋಲ್ಟ್ ತೋರಿಸಿದರೆ ವೈರ್, ಸ್ವಿಚ್, ಫ್ಯೂಸ್ ಎಲ್ಲ ಸರಿಯಿದೆ, ಪಂಪ್ ಹೋಗಿದೆ. ಏನೂ ತೋರಿಸದಿದ್ದರೆ ಪಂಪಿನ ತಪ್ಪಿಲ್ಲ, ಕರೆಂಟ್ ಹಿಂದೆಲ್ಲೋ ನಿಂತಿದೆ. ಒಂದೇ ಒಂದು ಪರೀಕ್ಷೆ, ಬೇಡದ ಖರ್ಚು ಉಳಿಯಿತು!

ಬದಲಿಸಿದ ಹಳೇ ಭಾಗವನ್ನು ಕೇಳಿ ವಾಪಸ್ ಪಡೆಯಿರಿ. ಹೊಸ ಬ್ಲೌಸ್ ಹೊಲಿಸಿದಾಗ ಉಳಿದ ಬಟ್ಟೆ ಕೇಳಿ ತಗೊಳ್ಳೋರು, ಇಲ್ಲಿ ಮಾತ್ರ ಸಂಕೋಚ ಯಾಕೆ?

ಮಳೆಯ ನಡುವೆ ನಿಂತರೆ

ಓಡಿಸುವಾಗಲೇ ವೈಪರ್ ನಿಂತಿತು ಅಂದ್ರೆ ಗಾಬರಿ ಬೇಡ. ಗಕ್ಕನೆ ಬ್ರೇಕ್ ಒತ್ತಬೇಡಿ, ಹಿಂದಿನವರು ಬಂದು ಗುದ್ದುತ್ತಾರೆ. ವೇಗ ಇಳಿಸಿ, ಎಡ ಇಂಡಿಕೇಟರ್ ಹಾಕಿ, ಪಕ್ಕಕ್ಕೆ ಬನ್ನಿ. ನಿಂತ ಮೇಲೆ ನಾಲ್ಕೂ ಇಂಡಿಕೇಟರ್ ಮಿನುಗಿಸಿ. ಪೆಟ್ರೋಲ್ ಬಂಕ್, ಅಂಗಡಿ ಸಾಲು ಹತ್ತಿರವಿದ್ದರೆ ಒಳ್ಳೆಯದು. ದೊಡ್ಡ ಮರದ ಕೆಳಗೆ, ನೀರು ನಿಲ್ಲುವ ಅಂಡರ್‌ಪಾಸಿನಲ್ಲಿ ಮಾತ್ರ ನಿಲ್ಲಿಸಬೇಡಿ. ಕತ್ತು ಹೊರಗೆ ಚಾಚಿ ಓಡಿಸುವ ಸಾಹಸ ಬೇಡ. ಗಾಜಿಗೆ ಹೆಚ್ಚಿದ ಆಲೂಗಡ್ಡೆ ಉಜ್ಜುವ ಉಪಾಯ ಹೇಳುವವರಿದ್ದಾರೆ, ಅದನ್ನು ನಂಬಿ ಮಕ್ಕಳನ್ನು ಕೂರಿಸಿಕೊಂಡು ಹೊರಡಬೇಡಿ. ಮಳೆ ಕಡಿಮೆಯಾಗುವವರೆಗೆ ಕಾಯಿರಿ. ಶಾಲೆಗೆ ಫೋನ್ ಮಾಡಿ ತಡವಾಗುತ್ತೆ ಅಂತ ಹೇಳಿದರೆ ಯಾರೂ ಬೇಡ ಅನ್ನೋದಿಲ್ಲ.

ನೆನಪಿರಲಿ

* ಫ್ಯೂಸ್, ವೈರ್ ಮುಟ್ಟುವ ಮುಂಚೆ ಕೀಲಿ ಆಫ್. ಲಿಂಕೇಜ್ ಬಳಿ ಕೈ ಇಡುವಾಗ ಕೀಲಿ ನಿಮ್ಮ ಬಳಿಯೇ ಇರಲಿ.

* ಬ್ಯಾಟರಿ ಹತ್ತಿರ ಹೋಗುವಾಗ ಲೋಹದ ಬಳೆ, ಉಂಗುರ ತೆಗೆದಿಡಿ. ಸರ, ಸೆರಗು, ದುಪಟ್ಟಾ ಜೋತಾಡದಂತೆ ಸಿಕ್ಕಿಸಿಕೊಳ್ಳಿ.

* ವಾಷರ್ ಟ್ಯಾಂಕಿನ ಮುಚ್ಚಳದ ಮೇಲೆ ಗಾಜಿಗೆ ನೀರು ಚಿಮ್ಮುವ ಚಿತ್ರ ಇರುತ್ತದೆ. ಅದನ್ನು ನೋಡಿಯೇ ನೀರು ಹಾಕಿ. ಪಕ್ಕದ ಕೂಲೆಂಟ್ ಟ್ಯಾಂಕಿಗೆ ಹಾಕಬೇಡಿ. ಬಿಸಿ ಎಂಜಿನ್‌ನಲ್ಲಿ ರೇಡಿಯೇಟರ್ ಮುಚ್ಚಳ ತೆರೆಯಲೇಬೇಡಿ.

* ಕಾರಿನಲ್ಲಿ ಯಾವಾಗಲೂ ಇರಲಿ: ಬಣ್ಣಕ್ಕೆರಡರಂತೆ ಫ್ಯೂಸ್, ಒಂದು ಟಾರ್ಚ್, ಒಂದು ಬಾಟಲಿ ನೀರು, ಹಳೇ ಕಾಟನ್ ಬಟ್ಟೆ.

* ಬ್ಲೇಡ್ ಗೆರೆ ಗೆರೆಯಾಗಿ ಒರೆಸಿದರೆ, ಕಿರ್ರೆಂದರೆ ಬದಲಿಸಿ. ಮಳೆಗಾಲಕ್ಕೆ ಮುಂಚೆ ಬದಲಿಸಿದರೆ ಇನ್ನೂ ಒಳ್ಳೆಯದು.

ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಎಲ್ಲ ಮಳೆಗಾಲಕ್ಕೆ ಮುಂಚೆ ಮಾಡಿ ಡಬ್ಬಿ ತುಂಬಿಸುವ ಶಿಸ್ತು ನಮ್ಮ ಮನೆಗಳಲ್ಲಿ ಮೊದಲಿನಿಂದಲೂ ಇದೆ. ಏಪ್ರಿಲ್-ಮೇ ತಿಂಗಳ ಆ ಪಟ್ಟಿಗೆ ವೈಪರ್ ಪರೀಕ್ಷೆಯನ್ನೂ ಸೇರಿಸಿಕೊಳ್ಳಿ. ಬೆಂಗಳೂರಿನವರು ಜೂನ್ ಕಳೆಯಿತು ಅಂತ ಮರೆಯಬೇಡಿ, ಇಲ್ಲಿ ಸಾಮಾನ್ಯವಾಗಿ ಹೆಚ್ಚು ಮಳೆ ಸುರಿಯುವುದು ಸೆಪ್ಟೆಂಬರ್‌ನಲ್ಲಿ. ನಾಳೆ ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಬಿಟ್ಟು ಬಂದ ಮೇಲೆ ಗೇಟಿನೊಳಗೇ ಹತ್ತು ನಿಮಿಷ ಕೊಡಿ. ನೀರು ಚಿಮ್ಮುತ್ತಾ, ಮೂರೂ ಸ್ಪೀಡ್ ಓಡುತ್ತಾ, ಆಫ್ ಮಾಡಿದರೆ ವೈಪರ್ ತನ್ನ ಜಾಗಕ್ಕೆ ಬಂದು ಮಲಗುತ್ತಾ ಅಂತ ನೋಡಿ. ಯಾವುದಾದರೂ ಒಂದು ಇಲ್ಲವಾದರೆ ಅವತ್ತೇ ಸರಿ ಮಾಡಿಸಿ. ‘ಭಾನುವಾರ ನೋಡೋಣ’ ಅಂತ ಮನೆಯವರು ಹೇಳಿದರೆ, ‘ಸರಿ ರೀ, ಅಲ್ಲೀವರೆಗೂ ಹೊಸ ಕಾರಿನ ಕೀಲಿ ಕೊಡಿ’ ಅನ್ನಿ!